ಹಸಿರು ಲೈಟು ಬರೋ ತನಕ

ಅಂಜನ್‌ಕುಮಾರನಿಗೆ ಫ್ಯಾಕ್ಟರಿ ಕೆಲಸ ಸಿಕ್ಕಿದ ದಿನ ಅವನ ಅಮ್ಮ ಶಶಿಕಲಾ ಶಿರಾಗೇಟಿನ ಬೇಕರಿಯಿಂದ ಮೈಸೂರುಪಾಕು ತಂದು ಓಣಿಗೆಲ್ಲ ಹಂಚಿದಳು. ಎದುರುಮನೆ ಓಬಳಮ್ಮ ಒಂದು ತುಂಡು ಬಾಯಿಗಿಟ್ಟುಕೊಂಡು, "ಈ ಸಲ ಎಷ್ಟು ದಿನಕ್ಕೆ ಶಶಿಕಲಾ?" ಎಂದಳು. ಸಿಹಿ ತಿಂದ ಬಾಯಲ್ಲಿ ಬರುವ ಮಾತೇ ಅದು? ಆದರೂ ಕೇಳಿದವಳನ್ನು ಪೂರ್ತಿ ಬಯ್ಯುವ ಹಾಗೂ ಇರಲಿಲ್ಲ. ಹುಡುಗನ ಚರಿತ್ರೆ ಹಾಗಿತ್ತು.

ಇಪ್ಪತ್ತಮೂರು ವರ್ಷದ ಅಂಜನ್ ಕೆಟ್ಟವನಲ್ಲ, ಸೋಮಾರಿಯಲ್ಲ, ಕುಡಿಯುವವನಲ್ಲ. ಒಂದು ಕೆಲಸ ಹೇಗೆ ಮಾಡಬೇಕೆಂದು ಮೊದಲ ದಿನ ಹೇಳಿಕೊಟ್ಟರೆ ಕೊನೆಯ ದಿನದವರೆಗೂ ಹಾಗೆಯೇ ಮಾಡುವವನು. ಅದೇ ಅವನ ಗುಣ, ಅದೇ ಅವನ ಗ್ರಹಚಾರ. ಹೋಟೆಲಿಗೆ ಸೇರಿದಾಗ ಗಿರಾಕಿ ಬೈಟೂ ಕಾಫಿ ಕೇಳಿದರೆ, "ಬೋರ್ಡಲ್ಲಿ ಬೈಟೂ ಅಂತ ಬರ್ದಿಲ್ಲ ಸಾರ್" ಎಂದು ನಿಂತುಕೊಂಡ. ಬಟ್ಟೆ ಅಂಗಡಿಯಲ್ಲಿ ಬಿಚ್ಚಿದ ಸೀರೆ ಮಡಿಸಿಡುವ ತನಕ ಇನ್ನೊಂದು ಸೀರೆ ತೆಗೆಯಲಿಲ್ಲ. ಮದುವೆ ಜವಳಿಗೆ ಬಂದವರು ಎದ್ದು ಪಕ್ಕದ ಅಂಗಡಿಗೆ ಹೋದರು. ಕೊನೆಗೆ ಅವನ ಅಪ್ಪ ಅನಂತರಾಜು ಅವನನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋಗಿ, ತನ್ನ ಅಕ್ಕನ ಗಂಡ ಕದರಯ್ಯನ ಸಿಮೆಂಟ್ ಇಟ್ಟಿಗೆ ಮಾಡುವ ಜಾಗದಲ್ಲಿ ಬಿಟ್ಟು ಬಂದ. ಅಲ್ಲಿ ಒಂದು ದಿನ ಕದರಯ್ಯ, "ಇನ್ನೆರಡು ಬಾಂಡ್ಲಿ ಮರಳು ಸುರಿಯೋ" ಎಂದಿದ್ದಕ್ಕೆ, "ಮೊದ್ಲು ಹೇಳಿದ್ದು ಇಷ್ಟಲ್ಲ ಮಾವ" ಎಂದು ಬಾಂಡ್ಲಿ ಕೆಳಗಿಟ್ಟ. ಕದರಯ್ಯನ ಕೈ ಮೊದಲೇ ಉದ್ದ. ಎಡಗಿವಿ ಊದಿಸಿಕೊಂಡು ಹುಡುಗ ಬಸ್ಸಿಳಿದಾಗ ಶಶಿಕಲಾ ಬಸ್‌ಸ್ಟ್ಯಾಂಡಿನಲ್ಲೇ ಕೂತು ಅತ್ತಿದ್ದಳು. ಚಳಿ ಬಂದರೆ ಆ ಕಿವಿ ಈಗಲೂ ಸೋರುತ್ತದೆ.

ಫ್ಯಾಕ್ಟರಿ ಕೆಲಸ ಕೊಡಿಸಿದವಳು ಶಶಿಕಲಾಳ ಚಿಕ್ಕಮ್ಮನ ಮಗಳು, ಗುಬ್ಬಿಯ ಪ್ರೇಮಲತಾ. ವಸಂತನರಸಾಪುರದಲ್ಲಿ ಮೊಬೈಲ್ ಚಾರ್ಜರ್ ಮಾಡುವ ಒಂದು ಕಂಪನಿಯಲ್ಲಿ ಅವಳು ಲೈನ್ ಲೀಡರ್. ಸಾಲಾಗಿ ಕೂತು ಕೆಲಸ ಮಾಡುವವರನ್ನೆಲ್ಲ ನೋಡಿಕೊಳ್ಳುವವಳು.

"ಅಕ್ಕ, ನಮ್ಗೆ ಭಾರಿ ಬುದ್ವಂತ್ರು ಬ್ಯಾಡ," ಎಂದಿದ್ದಳು ಅವಳು. "ಬುದ್ವಂತ್ರು ಬಂದ ಮೂರ್ನೇ ದಿನಕ್ಕೆ ತಮ್ದೇ ಒಂದು ದಾರಿ ಮಾಡ್ಕಂತಾರೆ, ಬೋರ್ಡ್ ಸುಟ್ಟಾಕ್ತಾರೆ. ಹೇಳಿದ್ದನ್ನ ಹೇಳ್ದಂಗೆ ಮಾಡೋ ಹುಡ್ಗ ಬೇಕು. ನಿನ್ ಮಗನ್ನ ಕಳ್ಸು, ನೋಡಾನ."

ಕಳಿಸಿದರು. ನಂಬಿದರೆ ನಂಬಿ, ಹುಡುಗ ಅಲ್ಲಿ ಅರಳಿಬಿಟ್ಟ. ಕೂರುವ ಮೊದಲು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು, ಮೈಯ ಕರೆಂಟು ಚಾರ್ಜರಿನೊಳಗಿನ ಬೋರ್ಡಿಗೆ ತಾಗಬಾರದಂತೆ. ಯಾವುದಾದ ಮೇಲೆ ಯಾವುದು ಎಂದು ಚಿತ್ರ ಹಾಕಿದ ಹಾಳೆ ಪ್ರತಿಯೊಬ್ಬರ ಕಣ್ಣೆದುರಿಗೇ ನೇತಾಡುತ್ತದೆ. ಅಂಜನ್‌ದು ಸಾಲಿನ ಕೊನೆಯ ಜಾಗ. ಬಂದ ಚಾರ್ಜರನ್ನು ಟೆಸ್ಟರಿಗೆ ಸಿಕ್ಕಿಸಿ ಕಾಯಬೇಕು. ಹಸಿರು ಲೈಟು ಬಂದರೆ ಪಾಸ್ ಎಂದು ಸ್ಟಿಕ್ಕರ್ ಅಂಟಿಸಬೇಕು, ಕೆಂಪು ಬಂದರೆ ಕೆಂಪು ಡಬ್ಬಿಗೆ ಹಾಕಬೇಕು. ಅಷ್ಟೇ. ಬೇರೆಯವರು ಆ ಕೆಲಸಕ್ಕೆ ಬೇಜಾರಾಗಿ ಬಿಟ್ಟು ಹೋಗುತ್ತಿದ್ದರು. ಇವನು ಮನೆಗೆ ಬಂದು ಮುದ್ದೆ ಮುರಿಯುತ್ತ, "ಅಲ್ಲಿ ಯಾರೂ ಮಧ್ಯದಲ್ಲಿ ಮಾತು ಬದಲಾಯ್ಸಲ್ಲ ಅಮ್ಮ" ಎಂದ. ಶಶಿಕಲಾ ಇನ್ನೊಂದು ಸೌಟು ಸಾರು ಬಡಿಸಿದಳು. ಮಗ ತಟ್ಟೆ ಖಾಲಿ ಮಾಡಿದ್ದನ್ನು ಕಣ್ತುಂಬ ನೋಡಿದಳು.

ಮನೆಯಲ್ಲೂ ಅವನಿಗೊಂದು ಕೆಲಸವಿತ್ತು. ಅನಂತರಾಜುವಿನ ತಾಯಿ ಹನುಮಕ್ಕನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ, ಸಂಜೆ ಇನ್ಸುಲಿನ್ ಚುಚ್ಚಬೇಕು. ಶಶಿಕಲಾಗೆ ಸೂಜಿ ಕಂಡರೆ ಕೈ ನಡುಗುತ್ತದೆ. ಮಗಳು ಭೂಮಿಕಾ ಬಿಕಾಂ ಓದುತ್ತಿದ್ದಾಳೆ, ಅವಳು ರಕ್ತ ನೋಡಿದರೆ ಕುಸಿದು ಕೂರುತ್ತಾಳೆ. ಹಾಗಾಗಿ ಆಸ್ಪತ್ರೆಯ ನರ್ಸಮ್ಮ ಅಂಜನ್‌ಗೆ ಕಲಿಸಿದ್ದಳು. ಮೊದಲು ಸೋಪು ಹಾಕಿ ಕೈ ತೊಳೆಯುವುದು. ಅಜ್ಜಿಯ ಬೆರಳು ಚುಚ್ಚಿ ಶುಗರ್ ಮಿಷಿನ್ನಿನಲ್ಲಿ ನಂಬರ್ ನೋಡುವುದು. ನಂಬರ್ ಕಮ್ಮಿ ಇದ್ದರೆ ಇಂಜೆಕ್ಷನ್ನೇ ಇಲ್ಲ. ಸರಿಯಿದ್ದರೂ ತಿಂಡಿಯ ತಟ್ಟೆ ಅಜ್ಜಿಯ ಮುಂದೆ ಬಂದ ಮೇಲೆಯೇ ಸೂಜಿ.

"ಏನ್ಲಾ, ದಿನಾ ಬೆಳ್ಳು ತೂತು ಮಾಡ್ತೀಯಲ್ಲ, ನನ್ನೇನು ಜರಡಿ ಅನ್ಕಂಡಿದೀಯ?" ಎಂದು ಹನುಮಕ್ಕ ಗೊಣಗುತ್ತಿದ್ದಳು.

"ನಂಬರ್ ನೋಡ್ಬೇಕು ಅಜ್ಜಿ."

"ನಂಬ್ರ ಮನೆ ಹಾಳಾಗ. ತಗಾ," ಎಂದು ಬೆರಳು ಚಾಚುತ್ತಿದ್ದಳು. ಬಯ್ಯುವುದು ಅವಳ ಪ್ರೀತಿ. ಮೊಮ್ಮಗನ ತಟ್ಟೆಗೆ ತನ್ನ ಪಾಲಿನ ತುಪ್ಪ ಬಿಡುತ್ತಿದ್ದವಳೂ ಅವಳೇ.

ಆಷಾಢ ಬಂತು, ಅದರ ಜೊತೆಗೆ ಗ್ರಹಚಾರವೂ ಬಂತು.

ಒಂದು ಭಾನುವಾರ ಮಧ್ಯಾಹ್ನ ಪ್ರೇಮಲತಾ ಗುಬ್ಬಿಯಿಂದ ನೇರ ಮನೆಗೆ ಬಂದಳು. ಹುರುಳಿಕಾಳಿನ ಬಸ್ಸಾರು ಒಲೆಯ ಮೇಲಿತ್ತು. ಊಟಕ್ಕೆ ಕೂರು ಎಂದರೆ ಕೂರಲಿಲ್ಲ.

"ಅಕ್ಕ, ಹಬ್ಬದ ಆರ್ಡರ್ ಬಂದೈತೆ, ಟಾರ್ಗೆಟ್ ಡಬಲ್ ಆಗೈತೆ. ಹತ್ತಕ್ಕೆ ಒಂದು ಟೆಸ್ಟ್ ಮಾಡಿ, ಮಿಕ್ಕಿದ್ದಕ್ಕೆ ಸುಮ್ನೆ ಸ್ಟಿಕ್ಕರ್ ಹೊಡೀರಿ ಅಂತ ಮ್ಯಾನೇಜ್ರು ಅಂದವ್ರೆ. ಎಲ್ರೂ ಹೂಂ ಅಂದ್ರು. ಇವನೊಬ್ಬ ಒಪ್ತಾ ಇಲ್ಲ. ಇವನ ಟೇಬಲ್ ಮುಂದೆ ಗುಡ್ಡೆ ಬಿದ್ದೈತೆ, ಇಡೀ ಲೈನು ನಿಂತೋಗ್ತದೆ."

ಅಂಜನ್ ತಟ್ಟೆಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದ. "ಹಾಳೆ ಬದ್ಲಾಗಿಲ್ಲ ಮೇಡಂ. ಹಾಳೇಲಿ ಎಲ್ಲಾದ್ನೂ ಟೆಸ್ಟ್ ಮಾಡ್ಬೇಕು ಅಂತ ಐತೆ."

"ನೋಡಕ್ಕ, ಮನೇಲೂ ಮೇಡಂ ಅಂತಾನೆ! ಲೋ, ನಾನು ನಿನ್ ಚಿಕ್ಕಮ್ಮ ಕಣೋ. ಹಾಳೆ ಬದಲಾಯ್ಸಕ್ಕೆ ಆಗಲ್ಲ. ಬಾಯಲ್ಲಿ ಹೇಳಿದ್ದು, ಬಾಯಲ್ಲೇ ಇರ್ಬೇಕು."

ಅನಂತರಾಜು ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಲಗೇಜ್ ಆಟೋ ಓಡಿಸುವವನು. ಬೆಳಿಗ್ಗೆಯಿಂದ ಟೊಮೆಟೊ ಕ್ರೇಟು ಹೊತ್ತು ಸೊಂಟ ಹಿಡಿದು ಗೋಡೆಗೆ ಒರಗಿದ್ದ. ಎದ್ದು ಕೂತ. "ಅವ್ಳೇ ಬುಡು ಅಂತಾವ್ಳೆ, ನಿಂದೇನ್ಲಾ ಗಂಟು ಹೋಗೋದು?"

"ಲೈಟು ನೋಡ್ದೆ ಸ್ಟಿಕ್ಕರ್ ಹಾಕಿದ್ರೆ ಸುಳ್ಳಾಗ್ತದೆ ಅಪ್ಪ."

"ಸುಳ್ಳಂತೆ! ಹರಿಶ್ಚಂದ್ರ ಹುಟ್ಟವ್ನೆ ನಮ್ಮನೇಲಿ. ಕೇಳ್ಲಾ, ಈ ಕೆಲ್ಸ ಹೋದ್ರೆ ಮಾರ್ನೇ ದಿನಾನೇ ಕುಣಿಗಲ್ ಬಸ್ಸು. ಭಾವ ಆಳಿಲ್ಲ ಅಂತ ಫೋನ್ ಮಾಡ್ತಾನೇ ಅವ್ರೆ."

ಅಂಜನ್‌ನ ಕೈ ಎಡಗಿವಿಗೆ ಹೋಯಿತು. ತಟ್ಟೆ ಒರೆಸುವುದನ್ನು ನಿಲ್ಲಿಸಿಬಿಟ್ಟ.

"ಅಲ್ಲಿಗೆ ಕಳ್ಸಬೇಡ್ರಿ," ಎಂದಳು ಶಶಿಕಲಾ.

"ಇನ್ನೆಲ್ಲಿಗೆ ಕಳಿಸ್ಲೇ? ನನ್ ಸೊಂಟ ಇನ್ನೆಷ್ಟು ದಿನ ಬರ್ತದೆ? ನಾನು ಕಣ್ಮುಚ್ಚಿದ ಮೇಲೆ ಇವನ್ನ ಯಾರು ಸಾಕ್ತಾರೆ ಅಂತ ಒಂದಿನಾನಾದ್ರೂ ಯೋಚ್ನೆ ಮಾಡಿದೀಯ?" ಅನಂತರಾಜುವಿನ ದನಿ ಒಡೆಯಿತು. ಅವನೂ ಕಟುಕನಲ್ಲ. ಹೆದರಿದ ಗಂಡಸು, ಹೆದರಿದ್ದನ್ನು ಕೂಗಾಡಿ ಮುಚ್ಚಿಕೊಳ್ಳುತ್ತಿದ್ದ.

ಮೂಲೆಯಿಂದ ಹನುಮಕ್ಕ, "ಅವ್ನು ಗಡಿಯಾರ ಇದ್ದಂಗೆ ಕಣ್ರಲಾ, ಹಿಂದುಕ್ ತಿರುಗ್ಸಿದ್ರೆ ಕೆಟ್ಟೋಯ್ತದೆ," ಎಂದಳು. ಅವಳ ಮಾತನ್ನು ಯಾರು ಕೇಳುತ್ತಾರೆ?

ಹೊರಡುವಾಗ ಬಾಗಿಲಲ್ಲಿ ಪ್ರೇಮಲತಾ ಶಶಿಕಲಾಳ ಕೈ ಹಿಡಿದುಕೊಂಡಳು. "ಗೌರಿ ಹಬ್ಬದೊಳಗೆ ಪರ್ಮನೆಂಟ್ ಆಗೋರ ಹೆಸ್ರು ಕಳುಸ್ಬೇಕು. ಇವನ ಹೆಸ್ರು ಬರೀಬೇಕು ಅಂತ ನಂಗೂ ಆಸೆ. ಹಿಂಗೇ ಹಟ ಹಿಡುದ್ರೆ ಹೆಸ್ರು ಹಂಗಿರ್ಲಿ, ಕೆಲ್ಸಾನೇ ಇರಲ್ಲ. ನನ್ ಕುತ್ತಿಗೆಗೂ ಬರ್ತದೆ. ನೀನು ಹೇಳಿದ್ರೆ ಕೇಳ್ತಾನೆ ಅಕ್ಕ. ಹೆಂಗಾದ್ರೂ ಹೇಳು."

ಹೆಂಗಾದ್ರೂ ಹೇಳು. ಆ ಎರಡು ಮಾತು ಶಶಿಕಲಾಳ ತಲೆಯಲ್ಲಿ ಕೂತುಬಿಟ್ಟಿತು.

ಮಾರನೆ ದಿನ ಸಂಜೆ ಅವಳು ಮೊರದ ತುಂಬ ಸೊಸೈಟಿ ಅಕ್ಕಿ ಸುರಿದು ಮಗನನ್ನು ಎದುರಿಗೆ ಕೂರಿಸಿಕೊಂಡಳು. ಅಕ್ಕಿ ಆರಿಸುವುದು ಅವನಿಗೆ ಇಷ್ಟದ ಕೆಲಸ. ಒಂದೊಂದು ಹಿಡಿಯನ್ನೂ ಹರಡಿ, ಕಲ್ಲು, ನೆಲ್ಲು ತೆಗೆದು, ಪಕ್ಕಕ್ಕೆ ಸರಿಸುತ್ತಿದ್ದ.

"ಇವತ್ತು ಹಂಗೆ ಬೇಡ. ಒಂದು ಹಿಡಿ ನೋಡು, ಮಿಕ್ಕಿದ್ದನ್ನ ಹಂಗೇ ಸುರಿ."

"ಕಲ್ಲಿದ್ರೆ?"

"ಇದ್ರೆ ಇರ್ಲಿ. ಅನ್ನ ಬೆಂದೈತಾ ಅಂತ ನೋಡಕ್ಕೆ ನಾನು ಒಂದಗುಳು ತಾನೆ ಹಿಸುಕಿ ನೋಡೋದು? ಪಾತ್ರೆ ಪೂರ್ತಿ ಹಿಸುಕ್ತೀನಾ?"

ಅವನು ಯೋಚಿಸಿದ. ಅಮ್ಮನ ಮಾತನ್ನು ಅವನು ಹಗುರವಾಗಿ ತೆಗೆದುಕೊಳ್ಳುವವನಲ್ಲ. "ಅನ್ನ ಒಂದೇ ಪಾತ್ರೇಲಿ ಒಂದೇ ಉರೀಲಿ ಬೇಯ್ತದೆ ಅಮ್ಮ. ಕಲ್ಲು ಹಂಗಲ್ವಲ್ಲ. ಚಾರ್ಜರ್ರೂ ಹಂಗಲ್ಲ. ಒಂದೊಂದೂ ಬೇರೆ ಬೇರೆ."

ಶಶಿಕಲಾಗೆ ಕೋಪ ಬಂತು, ಅದರ ಹಿಂದೆಯೇ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅಮ್ಮ ಅತ್ತರೆ ಏನು ಮಾಡಬೇಕೆಂದು ಅಂಜನ್‌ಗೆ ಯಾರೂ ಕಲಿಸಿರಲಿಲ್ಲ. ಗಾಬರಿಯಾಗಿ ಮೊರವನ್ನೇ ನೋಡುತ್ತ ಕೂತ.

"ನಿನ್ನ ಕುಣಿಗಲ್ಲಿಗೆ ಕಳಿಸ್ತಾರೆ ಕಣೋ. ಅಲ್ಲಿ ನಿನ್ನ ಹೊಡ್ದು ಸಾಯಿಸ್ತಾರೆ. ನಾನು ಏನು ಮಾಡ್ಲಿ ಹೇಳು?" ಆಮೇಲೆ ಕಣ್ಣೊರೆಸಿಕೊಂಡು, ಅವನಿಗೆ ತಿಳಿಯುವ ಭಾಷೆ ಯಾವುದೆಂದು ಹೊಳೆದವಳಂತೆ ಹೇಳಿದಳು. "ನೋಡು, ದೊಡ್ಡೋರು ಬಿಡು ಅಂದ್ರೆ ಬಿಡಬೇಕು. ಇದೂ ಒಂದು ರೂಲೇ. ಎಲ್ಲಾ ಹಾಳೆಗಿಂತ ಮೇಲಿನ ರೂಲು."

ಅವನು ತಲೆಯೆತ್ತಿದ. "ರೂಲಾ?"

"ಹೂಂ, ರೂಲು."

"ದೊಡ್ಡೋರು ಅಂದ್ರೆ ಯಾರು?"

"ನಿನಗಿಂತ ದೊಡ್ಡೋರು ಯಾರಾದ್ರೂ. ಪ್ರೇಮ, ಮ್ಯಾನೇಜ್ರು, ಅಪ್ಪ, ನಾನು, ಅಜ್ಜಿ." ಬಾಯಿಗೆ ಬಂದವರನ್ನೆಲ್ಲ ಸೇರಿಸಿದಳು.

"ಇನ್ನೊಂದ್ಸಲ ಹೇಳು ಅಮ್ಮ."

ಹೇಳಿದಳು. ಅವನು ತುಟಿಯಲ್ಲೇ ಅದನ್ನು ಮತ್ತೆ ಮತ್ತೆ ಅಂದುಕೊಂಡ. ಆಮೇಲೆ ಮೊರವನ್ನು ಎತ್ತಿ, ಅರ್ಧ ಆರಿಸಿದ ಅಕ್ಕಿಯನ್ನು ಹಾಗೆಯೇ ಡಬ್ಬಕ್ಕೆ ಸುರಿದ. ಸುರಿಯುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಶಶಿಕಲಾ ಅದನ್ನು ನೋಡಿಯೂ ನೋಡದವಳ ಹಾಗೆ ಒಲೆ ಹಚ್ಚಲು ಎದ್ದಳು.

ಆ ವಾರ ಪ್ರೇಮಲತಾ ಫೋನಿನಲ್ಲಿ, "ಅಕ್ಕ, ಅದೇನು ಮಂತ್ರ ಹಾಕ್ದೆ? ಲೈನು ನೀರು ಹರಿದಂಗೆ ಹರೀತಾ ಐತೆ. ಇವನ ಹೆಸ್ರು ಕಳಿಸ್ತೀನಿ, ನೀನು ನಿಶ್ಚಿಂತೆಯಾಗಿರು," ಎಂದಳು. ಅನಂತರಾಜು ಬಹಳ ದಿನದ ಮೇಲೆ ಕೋಳಿ ತಂದ. ಊಟಕ್ಕೆ ಕೂತಾಗ ಮಗನ ಬೆನ್ನು ತಟ್ಟಿ, "ದಾರಿಗೆ ಬಂದ ಬುಡು," ಎಂದ.

ಆದರೆ ಹುಡುಗ ಮುದ್ದೆಯನ್ನು ಅರ್ಧಕ್ಕೇ ಬಿಡತೊಡಗಿದ. ಮಣಿಕಟ್ಟಿನಲ್ಲಿ ಪಟ್ಟಿ ಕಟ್ಟುವ ಜಾಗವನ್ನು ಕೆರೆದು ಕೆರೆದು ಗಾಯ ಮಾಡಿಕೊಂಡ. ಅನ್ನದಲ್ಲಿ ಕಲ್ಲು ಸಿಕ್ಕರೆ ಉಗಿಯದೆ ಅಗಿದು ನುಂಗುತ್ತಿದ್ದ. ಒಂದು ದಿನ ತಟ್ಟೆ ಮುಂದೆ ಕೂತವನು ಕೇಳಿದ: "ಅಮ್ಮ, ಇವತ್ತು ಲೈಟು ನೋಡ್ದೆ ಕಳ್ಸಿದ ಚಾರ್ಜರ್ ಯಾರ ಮನೇಗೆ ಹೋಗಿರ್ತದೆ?"

"ಯಾರ ಮನೇಗಾದ್ರೂ ಹೋಗ್ಲಿ. ನೀನು ಉಣ್ಣು."

ಭೂಮಿಕಾಗೆ ತಡೆಯಲಾಗಲಿಲ್ಲ. ಅಣ್ಣ ಕೈ ತೊಳೆಯಲು ಎದ್ದು ಹೋದ ಮೇಲೆ ಅಮ್ಮನ ಮೇಲೆ ತಿರುಗಿಬಿದ್ದಳು. "ಯಾಕಮ್ಮ ಅವನನ್ನ ಹಿಂಗೆ ಕೆಡಿಸ್ತಿದ್ದೀಯ? ನೆನ್ನೆ ನಾನು ಸುಮ್ನೆ ತಮಾಷೆಗೆ ಗೇಟ್ ಬೀಗ ಹಾಕ್ಬೇಡ ಬಿಡು ಅಂದ್ರೆ, ನೀನು ನನಗಿಂತ ದೊಡ್ಡೋಳಾ ಚಿಕ್ಕೋಳಾ ಅಂತ ಕೇಳ್ತಾನೆ. ಅವನ ತಲೇಲಿ ಏನು ತುಂಬಿದೀಯ?"

"ನೀನು ಸುಮ್ನಿರೇ. ನಾಳೆ ಮದ್ವೆಯಾಗಿ ಹೋಗೋಳು ನೀನು. ಅವನನ್ನ ನೋಡೋರ್ಯಾರು? ಒಂದು ಕೆಲ್ಸ ಅಂತ ನಿಂತ್ರೆ ಸಾಕು ಅಂತ ನಾನು ದೇವರಿಗೆಲ್ಲ ಹರಕೆ ಹೊತ್ತಿದೀನಿ."

"ಹರಕೆ ಹೊತ್ಕೋ. ಅವನಿಗೆ ಸುಳ್ಳು ಕಲಿಸ್ಬೇಡ."

"ಲೋಕದಲ್ಲಿ ಎಲ್ರೂ ಬಾಳ್ತಾ ಇರೋದು ಹಿಂಗೇ ಕಣೇ!" ಶಶಿಕಲಾ ಸೌಟು ಕುಕ್ಕಿದಳು.

ಶ್ರಾವಣ ಶನಿವಾರ ಬಂತು. ಮನೆದೇವರು ನರಸಿಂಹಸ್ವಾಮಿ, ಹನುಮಕ್ಕ ಮದುವೆಯಾಗಿ ಬಂದಾಗಿನಿಂದ ಶ್ರಾವಣ ಶನಿವಾರ ಒಪ್ಪತ್ತು ಮಾಡುವವಳು. ಹಿಂದಿನ ರಾತ್ರಿ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಕುಡಿದು ಮಲಗಿದರೆ, ಮಾರನೆ ದಿನ ಪೂಜೆ ಮುಗಿದು ಎಡೆ ಇಡುವ ತನಕ ಬಾಯಿಗೆ ನೀರೂ ಇಲ್ಲ. ಹೋದ ವರ್ಷದ ಶ್ರಾವಣದಲ್ಲಿ ಅಂಜನ್ ಅದಕ್ಕೆ ಬಗ್ಗಿರಲಿಲ್ಲ. ತಟ್ಟೆ ಮುಂದೆ ಬಾರದೆ ಸೂಜಿ ಇಲ್ಲ ಎಂದು ಕೂತುಬಿಟ್ಟಿದ್ದ. ದೇವರಿಗಿಂತ ಮೊಮ್ಮಗನ ಹಟ ದೊಡ್ಡದಾಗಿ ಅಜ್ಜಿ ಬಯ್ದುಕೊಂಡೇ ಉಪ್ಪಿಟ್ಟು ತಿಂದಿದ್ದಳು.

ಈ ಶನಿವಾರ ಟಾರ್ಗೆಟ್ಟಿನ ದಿನ. ಕಂಪನಿ ವ್ಯಾನು ಮಾಮೂಲಿಗಿಂತ ಬೇಗ ಬಂದು ಓಣಿಯ ಬಾಯಲ್ಲಿ ಹಾರನ್ ಹೊಡೆಯುತ್ತಿತ್ತು. ಶಶಿಕಲಾ ಮಡಿಯಲ್ಲಿ ಎಡೆಗೆ ಕಡಲೆಬೇಳೆ ಬೇಯಿಸುತ್ತಿದ್ದಳು. ನಡುಮನೆಯಲ್ಲಿ ಅಂಜನ್ ಕೈ ತೊಳೆದು, ಮಿಷಿನ್ ಹಿಡಿದು ಅಜ್ಜಿಯ ಮುಂದೆ ಕೂತಿದ್ದ.

"ಇವತ್ತು ರಕ್ತ ತೆಗೀಬ್ಯಾಡ ಕಣ್ಲಾ. ಸ್ನಾನ ಮಾಡಿ ಮಡಿ ಉಟ್ಟಿದೀನಿ. ಮಿಷಿನ್ ಬುಡು, ಸೂಜಿ ಚುಚ್ಚಿ ಹೋಗು. ಪೂಜೆ ಆದ್ಮೇಲೆ ಉಣ್ತೀನಿ."

"ತಟ್ಟೆ ಬರ್ಬೇಕು ಅಜ್ಜಿ."

"ಬುಡು ಅಂದ್ನಲ್ಲ!"

ಹಾರನ್ ಮತ್ತೆ ಕೂಗಿತು. ಅಂಜನ್ ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ಅಮ್ಮ, ಅಜ್ಜಿ ಮಿಷಿನ್ ಬಿಡು ಅಂತಾರೆ."

ಶಶಿಕಲಾಳ ಕಿವಿಯಲ್ಲಿ ಇದ್ದದ್ದು ಹಾರನ್ ಒಂದೇ. ವ್ಯಾನು ಹೋದರೆ ಟಾರ್ಗೆಟ್ ದಿನವೇ ರಜೆ, ರಜೆಯಾದರೆ ಪ್ರೇಮಲತಾ ಹೆಸರು ಹೊಡೆದುಹಾಕುತ್ತಾಳೆ. ಅದಾದ ಮೇಲೆ ಕುಣಿಗಲ್ಲು, ಕದರಯ್ಯನ ಕೈ.

"ಅಜ್ಜಿ ಹೇಳ್ದಂಗೆ ಮಾಡಿ ಹೊರಡೋ ಮಾರಾಯ! ದೊಡ್ಡೋರು ಬಿಡು ಅಂದ್ರೆ ಬಿಡಬೇಕು ಅಂತ ಎಷ್ಟು ಸಲ ಹೇಳ್ಲಿ ನಿಂಗೆ?"

ಅವನು ಒಂದು ಗಳಿಗೆ ನಿಂತ. ತಿರುಗಿ ಹೋದ. ಅಜ್ಜಿಗೆ ಸೂಜಿ ಚುಚ್ಚಿದ, ಚಪ್ಪಲಿ ಮೆಟ್ಟಿ ಓಡಿದ. ವ್ಯಾನಿನ ಬಾಗಿಲು ಹಾಕಿದ ಶಬ್ದ ಕೇಳಿ ಶಶಿಕಲಾ ನಿಟ್ಟುಸಿರು ಬಿಟ್ಟಳು. ಸದ್ಯ, ಸಿಕ್ಕಿತು.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ನೋಡಿದರೆ ಅತ್ತೆ ದೇವರ ಗೂಡಿನ ಮುಂದೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಜಪ ಮಾಡುತ್ತಾ ತೂಕಡಿಸುತ್ತಿದ್ದಾಳೆ ಅಂದುಕೊಂಡು, ಬೆಲ್ಲ ಸಾಲದೆಂದು ಶಶಿಕಲಾ ಅಂಗಡಿಗೆ ಹೋದಳು. ಶ್ರಾವಣ ಶನಿವಾರ ಅಂಗಡಿಯಲ್ಲಿ ಜನವೋ ಜನ. ಬಂದು ಒಬ್ಬಟ್ಟು ತಟ್ಟಿದಳು, ಹೂ ಬಿಡಿಸಿದಳು. ಎಲ್ಲ ಮುಗಿಸಿ, "ಅತ್ತೆ, ಏಳ್ರಿ, ಮಂಗಳಾರತಿ ಮಾಡಾನ," ಎಂದು ಭುಜ ಮುಟ್ಟಿದರೆ ಸೀರೆಯೆಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಹಲ್ಲು ಕಚ್ಚಿಕೊಂಡಿತ್ತು. ಬಾಯಿಯ ಒಂದು ಅಂಚಿನಿಂದ ನೊರೆ ಇಳಿದಿತ್ತು.

ಶಶಿಕಲಾ ಕಿರುಚಿದಳು. ಓಬಳಮ್ಮ ಓಡಿಬಂದಳು. ಫಿಟ್ಸು ಅಂದುಕೊಂಡು ಅಜ್ಜಿಯ ಮುಷ್ಟಿಗೆ ಬೀಗದ ಕೈ ತುರುಕಿದಳು, ಮೂಗಿಗೆ ಈರುಳ್ಳಿ ಹಿಡಿದಳು. ಒಲೆಯ ಪಕ್ಕದಲ್ಲೇ ಬೆಲ್ಲದ ಅಚ್ಚು ಇತ್ತು. ಸಕ್ಕರೆ ಇಳಿದವರ ಬಾಯಿಗೆ ಸಿಹಿ ಹಾಕಬೇಕೆಂದು ಶಶಿಕಲಾಗೆ ನೆನಪಾಗುವ ಹೊತ್ತಿಗೆ ಅಜ್ಜಿಯ ಬಾಯಿ ತೆರೆಯಲು ಆಗಲಿಲ್ಲ. ಮಾರ್ಕೆಟ್ಟಿನಿಂದ ಅನಂತರಾಜು ಬಂದು ತಾಯಿಯನ್ನು ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದ.

"ಶುಗರ್ ತುಂಬ ಹೊತ್ತು ಕೆಳಗಿತ್ತು," ಎಂದರು ಡಾಕ್ಟರಮ್ಮ. "ಜೀವ ಉಳಿಯುತ್ತೆ. ಆದ್ರೆ ಮೆದುಳಿಗೆ ಪೆಟ್ಟಾಗಿದೆ, ಮೊದಲಿನ ಥರ ಆಗೋದು ಕಷ್ಟ. ಇನ್ಸುಲಿನ್ ಕೊಡೋ ಮುಂಚೆ ಚೆಕ್ ಮಾಡ್ಲಿಲ್ವಾ? ಯಾರು ಕೊಟ್ಟಿದ್ದು?"

ಅಷ್ಟು ಹೊತ್ತಿಗೆ ಭೂಮಿಕಾ ಫೋನ್ ಮಾಡಿ ಕರೆಸಿದ ಅಂಜನ್ ವಾರ್ಡಿನ ಬಾಗಿಲಿಗೆ ಬಂದಿದ್ದ. "ನಾನು ಕೊಟ್ಟೆ," ಎಂದ.

ಅನಂತರಾಜು ಎದ್ದ. "ಮಿಷಿನ್ ನೋಡ್ಲಿಲ್ವೇನ್ಲಾ?"

"ಇಲ್ಲ ಅಪ್ಪ. ಅಜ್ಜಿ ಬಿಡು ಅಂದ್ರು. ದೊಡ್ಡೋರು ಬಿಡು ಅಂದ್ರೆ ಬಿಡಬೇಕು." ಅವನ ದನಿಯಲ್ಲಿ ತಪ್ಪಿಸಿಕೊಳ್ಳುವ ಯಾವ ಆತುರವೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ, ಅಷ್ಟೇ.

ಅನಂತರಾಜು ಕೈ ಎತ್ತಿದ. ಅಂಜನ್ ಎಡಗಿವಿ ಮುಚ್ಚಿಕೊಂಡು ಕುಗ್ಗಿ ನಿಂತ. ಶಶಿಕಲಾ ನಡುವೆ ನುಗ್ಗಿದಳು.

"ಅವನನ್ನ ಮುಟ್ಟಬೇಡಿ. ಹೇಳಿದ್ದು ನಾನು. ವ್ಯಾನು ಹೋಗ್ತದೆ ಅಂತ ನಾನೇ ಹೇಳ್ದೆ. ಆ ರೂಲು ಕಲ್ಸಿದ್ದೂ ನಾನೇ. ನನ್ನ ಹೊಡೀರಿ. ಇಲ್ಲೇ ಹೊಡ್ದು ಸಾಯಿಸಿಬಿಡಿ."

ಅನಂತರಾಜು ಹೊಡೆಯಲಿಲ್ಲ. ಎತ್ತಿದ ಕೈಯಿಂದ ತನ್ನ ಹಣೆಯನ್ನೇ ಚಚ್ಚಿಕೊಂಡು ನೆಲದ ಮೇಲೆ ಕೂತ. "ನಮ್ಮವ್ವನ್ನ ತಿಂದ್ಕಂಡ್ರಲ್ರೋ," ಎಂದು ಚಿಕ್ಕ ಮಗುವಿನ ಹಾಗೆ ಅತ್ತ. ಭೂಮಿಕಾ ಅಣ್ಣನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಹೋಗುವಾಗ ಅವಳು ಅಮ್ಮನ ಕಡೆ ನೋಡಲಿಲ್ಲ.

ಹನುಮಕ್ಕ ಮನೆಗೆ ಬಂದಳು, ಬರಲಿಲ್ಲ ಎಂದರೂ ಸರಿಯೇ. ಬಯ್ಯುತ್ತಿದ್ದ ಬಾಯಿ ಬಯ್ಯುವುದನ್ನು ಮರೆತಿತ್ತು. ತಟ್ಟೆ ಇಟ್ಟರೆ ತಿನ್ನಬೇಕೆಂದು ತಿಳಿಯದು. ಸೊಸೆಯನ್ನು, "ಯಾವೂರವ್ವ ನೀನು?" ಎನ್ನುತ್ತಾಳೆ. ಅಂಜನ್ ದಿನಾ ಬೆರಳು ಚುಚ್ಚಿದಾಗಲೂ, "ನೀನ್ಯಾರಪ್ಪ?" ಎನ್ನುತ್ತಾಳೆ. ಅವನು ದಿನಾ, "ನಾನು ಅಂಜನ್. ಬೆರಳು ಕೊಡು ಅಜ್ಜಿ," ಎನ್ನುತ್ತಾನೆ.

ರಜೆ ಮುಗಿಸಿ ಒಂದು ಬೆಳಿಗ್ಗೆ ಅವನು ಫ್ಯಾಕ್ಟರಿಗೆ ಹೊರಟ. ಹಬ್ಬ ಇನ್ನೂ ಮುಂದಿತ್ತು, ಟಾರ್ಗೆಟ್ ಇಳಿದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡವನು ಹೊಸಿಲ ಬಳಿ ನಿಂತ.

"ಅಮ್ಮ, ಇವತ್ತು ಪ್ರೇಮ ಮೇಡಂ ಟೆಸ್ಟ್ ಬಿಡು ಅಂತಾರೆ. ಬಿಡಬೇಕಾ, ಬಿಡಬಾರ್ದಾ?"

ಶಶಿಕಲಾ ಅವನನ್ನೇ ನೋಡಿದಳು. ಮಣಿಕಟ್ಟಿನ ಗಾಯ ನೋಡಿದಳು. ಹೇಳುವ ಮಾತಿಗೆ ತೆರಬೇಕಾದ ಬೆಲೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬಿಡಬೇಡ."

"ಆ ರೂಲು?"

"ಆ ರೂಲು ಇಲ್ಲ ಕಣಪ್ಪ. ನಾನು ತಪ್ಪು ಹೇಳಿದ್ದೆ. ಯಾರು ಹೇಳಿದ್ರೂ ಬಿಡಬೇಡ. ನಾನು ಹೇಳಿದ್ರೂ ಬಿಡಬೇಡ."

ಅವನ ಮುಖ ಸಡಿಲವಾಯಿತು. ಎಷ್ಟೋ ವಾರದ ಮೇಲೆ ನಕ್ಕ. ಒಳಗೆ ತಿರುಗಿ ಬಂದು ಅರ್ಧ ಬಿಟ್ಟಿದ್ದ ಉಪ್ಪಿಟ್ಟನ್ನು ನಿಂತೇ ತಿಂದು ಮುಗಿಸಿ, ತಟ್ಟೆ ತೊಳೆದಿಟ್ಟು ಓಡಿದ.

ಮಧ್ಯಾಹ್ನವೇ ಪ್ರೇಮಲತಾ ಫೋನ್ ಮಾಡಿದಳು. "ಏನು ಹೇಳಿ ಕಳ್ಸಿದ್ದೆ ಅಕ್ಕ ಇವತ್ತು? ಮ್ಯಾನೇಜ್ರೇ ಎದುರಿಗೆ ಬಂದು ನಿಂತ್ರೂ ಆಗಲ್ಲ ಅಂದ. ಕೈಯಲ್ಲಿದ್ದ ಸ್ಟಿಕ್ಕರ್ ಕಿತ್ಕಳಕ್ ಹೋದ್ರೂ ಬಿಡ್ಲಿಲ್ಲ. ನಾನು ಎಷ್ಟು ಕೈ ಮುಗುದ್ರೂ ಆಗ್ಲಿಲ್ಲ ಅಕ್ಕ." ಅವಳೂ ಅಳುತ್ತಿದ್ದಳು. ಶಶಿಕಲಾ, "ನೀನೇನು ಮಾಡ್ತೀಯ ಬಿಡು ಪ್ರೇಮ," ಎಂದಳು. ಫೋನಿಟ್ಟು, ಅಟ್ಟದ ಮೇಲಿದ್ದ ನೀಲಿ ಬ್ಯಾಗನ್ನು ಇಳಿಸಿ ಧೂಳು ಕೊಡವಿದಳು. ಮಗನ ಪ್ಯಾಂಟು, ಶರಟು, ಕಿವಿಗೆ ಹಾಕುವ ಔಷಧಿ ಒಂದೊಂದಾಗಿ ತೆಗೆದಿಟ್ಟಳು.

ವ್ಯಾನಿಲ್ಲದೆ ಸಿಟಿ ಬಸ್ಸಿನಲ್ಲಿ, ಮಿಕ್ಕಿದ್ದನ್ನು ನಡೆದು, ಅಂಜನ್ ಸಂಜೆಗೆ ಮನೆಗೆ ಬಂದ. "ಒಂದೂ ಬಿಡ್ಲಿಲ್ಲ ಅಮ್ಮ," ಎಂದ ಬಂದವನೇ. "ಎಲ್ಲಾದಕ್ಕೂ ಹಸಿರು ಬರೋ ತನಕ ಕಾದೆ. ಎರಡು ಕೆಂಪು ಬಂತು. ನಾಳೆಯಿಂದ ಬರ್ಬೇಡ ಅಂದ್ರು."

ಹೊರಗೆ ಮೆಟ್ಟಿಲ ಮೇಲೆ ಅನಂತರಾಜು ಫೋನ್ ಹಿಡಿದು, "ಹೂಂ ಭಾವ... ನಾಳೆ ಬೆಳಿಗ್ಗೆ ಬಸ್ಸಿಗೆ ಕಳಿಸ್ತೀನಿ... ಹೊಡೀಬ್ಯಾಡಿ ಭಾವ, ಕೈ ಮುಗೀತೀನಿ," ಎನ್ನುತ್ತಿದ್ದ.

ಅಂಜನ್ ಅದನ್ನು ಕೇಳಿಸಿಕೊಂಡ. ಬ್ಯಾಗನ್ನೂ ನೋಡಿದ. ಆಮೇಲೆ ಗೂಡಿನಿಂದ ಶುಗರ್ ಮಿಷಿನ್ನು, ಸೂಜಿ, ಹತ್ತಿ ತೆಗೆದು, ಅಜ್ಜಿಯ ಮಂಚದ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟ.

"ಬಾ ಅಮ್ಮ. ನಾಳೆಯಿಂದ ಅಜ್ಜಿಗೆ ನೀನು ಮಾಡ್ಬೇಕು. ಇವತ್ತು ಹೇಳಿಕೊಡ್ತೀನಿ."

"ನನ್ ಕೈ ನಡುಗ್ತದೆ ಕಣೋ."

"ನಡುಗಿದ್ರೂ ಮಾಡ್ಬೇಕು. ಮೊದ್ಲು ಕೈ ತೊಳ್ಕೋ."

ಶಶಿಕಲಾ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ.

"ಸೋಪ್ ಹಾಕಿ ತೊಳೀಬೇಕು ಅಮ್ಮ," ಎಂದ ಅಂಜನ್ ಒಳಗಿನಿಂದ.

ಅವಳು ಸೋಪು ತೆಗೆದುಕೊಂಡಳು.